ಮೂವತ್ತೆಂಟು ಖಾಲಿ ಸೆಕೆಂಡು

ಮಾರ್ಚ್ 3, ಸೋಮವಾರ

ಬಿಲ್ಡ್ ಪಾಸಾಯಿತು, ನನ್ನ ಮದುವೆಗೆ ಇವತ್ತಿಗೆ ಸರಿಯಾಗಿ ಇಪ್ಪತ್ತು ದಿನ ತುಂಬಿತು, ಆಫೀಸಿನಲ್ಲಿ ಎಲ್ಲರೆದುರು ನನಗೆ ಚಪ್ಪಾಳೆಯೂ ಬಿತ್ತು! ಮೂರೂ ಒಂದೇ ದಿನ! ಖುಷಿಗೆ ಪೆನ್ನೇ ನಿಲ್ಲುತ್ತಿಲ್ಲ.

ಈ ಡೈರಿ ದೊಡ್ಡಮ್ಮ ಕೊಟ್ಟ ಮದುವೆಯ ಉಡುಗೊರೆ. ದೊಡ್ಡಮ್ಮ ಅಂದರೆ ಕುಳ್ಳನ ತಾಯಿಯ ಅಕ್ಕ, ಅವನನ್ನು ಸಾಕಿ ಬೆಳೆಸಿದವರು. ಕುಳ್ಳ ಅಂದರೆ ನನ್ನ ಗಂಡ. (ಗಂಡ! ಬರೆಯುವಾಗಲೇ ನಗು ಬರುತ್ತದೆ.) ಆರಡಿ ಎರಡಿಂಚು ಇದ್ದಾನೆ. ಅವನು ನಿಜವಾಗಿಯೂ ಕುಳ್ಳಗಿದ್ದ ಕಾಲದಲ್ಲಿ ದೊಡ್ಡಮ್ಮ ಇಟ್ಟ ಹೆಸರು ಅದು. ಅವನು ಬೆಳೆದ, ಹೆಸರು ಬೆಳೆಯಲಿಲ್ಲ. ಡೈರಿಯ ಮೊದಲ ಪುಟದಲ್ಲಿ ದೊಡ್ಡಮ್ಮನ ಟೀಚರ್ ಕೈಬರಹ: "ದಿನಾ ನಾಲ್ಕು ಸಾಲು. ಕನ್ನಡದಲ್ಲಿ. ಯಾರೂ ನೋಡುವುದಿಲ್ಲ." ನನ್ನದು ಎಲ್.ಕೆ.ಜಿ.ಯಿಂದಲೂ ಇಂಗ್ಲಿಷ್ ಮೀಡಿಯಂ. ಅಪ್ಪ ಮನೆಯಲ್ಲಿ ಕಿವಿ ಹಿಂಡಿ ಪೇಪರ್ ಓದಿಸದಿದ್ದರೆ ಇಷ್ಟೂ ಬರುತ್ತಿರಲಿಲ್ಲ.

ಈಗ ಬಿಲ್ಡ್ ಕಥೆ. (ಬಿಲ್ಡ್ ಅಂದರೆ ಬರೆದ ಕೋಡು, ಚಿತ್ರ, ಧ್ವನಿ ಎಲ್ಲವನ್ನೂ ಸೇರಿಸಿ ಕಂಪ್ಯೂಟರ್ ಆ್ಯಪ್ ಕಟ್ಟುವುದು.) ಗಂಟಲಿನ ಆಪರೇಶನ್ ಆಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗಾಗಿ ನಾವು ಒಂದು ಆ್ಯಪ್ ಮಾಡುತ್ತಿದ್ದೇವೆ. ಆಪರೇಶನ್‌ಗೆ ಮೊದಲೇ ಅವರ ಮಾತುಗಳನ್ನು ರೆಕಾರ್ಡ್ ಮಾಡಿಟ್ಟುಕೊಂಡು, ಆಮೇಲೆ ಗುಂಡಿ ಒತ್ತಿದರೆ ಅವರದೇ ದನಿಯಲ್ಲಿ ಮಾತು ಬರುವ ಹಾಗೆ. ಆಸ್ಪತ್ರೆಯವರು ಆರಿಸಿದ ಮೊದಲ ಆರು ಜನರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬರು! ಕಳೆದ ತಿಂಗಳು ಹತ್ತೊಂಬತ್ತಕ್ಕೆ ಅವರ ಆಪರೇಶನ್ ಆಯಿತು. ಇವತ್ತು ಸಂಜೆಯೊಳಗೆ ಅವರ ಆ್ಯಪ್ ಆಸ್ಪತ್ರೆಗೆ ಹೋಗಬೇಕಿತ್ತು, ಬೆಳಿಗ್ಗೆ ನೋಡಿದರೆ ನೂರಾ ಆರು ಎರರ್! ಎಲ್ಲವೂ ಚಿತ್ರ, ಬಣ್ಣ, ಧ್ವನಿ ಇಟ್ಟಿರುವ ಫೋಲ್ಡರಿನದ್ದೇ. ಈ ಫೈಲುಗಳ ಹೆಸರಿನ ವಿಷಯದಲ್ಲಿ ಬಿಲ್ಡ್‌ಗೆ ಭಾರಿ ಮಡಿ. ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಒಂದು ಅಡಿಗೆರೆ, ಅಷ್ಟೇ. ನಡುವೆ ಒಂದು ಖಾಲಿ ಜಾಗ ಇದ್ದರೂ ಮುಖ ತಿರುಗಿಸುತ್ತದೆ. ಒಂದೊಂದನ್ನೇ ತಿದ್ದುತ್ತ ಕೂತರೆ ಮುಪ್ಪಾಗುತ್ತದೆ ಅಂತ ನಾನು ಹನ್ನೆರಡು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಹೆಸರಿನಲ್ಲಿರುವ ಬೇಡದ ಅಕ್ಷರವನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕುವ ಸ್ಕ್ರಿಪ್ಟ್. ಎಂಟರ್ ಒತ್ತಿದೆ. ನೂರಾ ಆರು ಹೋಗಿ ಮೂವತ್ತೆಂಟಾಯಿತು!

ಆ ಮೂವತ್ತೆಂಟು ಧ್ವನಿಗಳು ಮಾತ್ರ "ಸಿಗುತ್ತಿಲ್ಲ" ಅಂತಲೇ ಬಂತು. ಸೌಂಡಣ್ಣ ಕೊಡಲು ಮರೆತಿರಬೇಕು. (ಸೌಂಡಣ್ಣ ನಮಗೆ ರೆಕಾರ್ಡಿಂಗ್ ಮಾಡಿಕೊಡುವವರು, ಗುತ್ತಿಗೆಯ ಮೇಲೆ ಬರುತ್ತಾರೆ.) ಫೋನ್ ಮಾಡಿದರೆ ಎತ್ತಲಿಲ್ಲ. ಗಂಟೆ ನಾಲ್ಕಾಗಿತ್ತು. ಸದ್ಯಕ್ಕೆ ಇರಲಿ ಅಂತ ಒಂದು ಸೆಕೆಂಡಿನ ಖಾಲಿ ಧ್ವನಿ ಮಾಡಿ, ಅದನ್ನೇ ಮೂವತ್ತೆಂಟು ಹೆಸರಿನಲ್ಲಿ ಇಟ್ಟೆ. ಸೊನ್ನೆ ಎರರ್! ನಾಳೆ ಬೆಳಿಗ್ಗೆ ಮೊದಲ ಕೆಲಸ, ಅಸಲಿ ಧ್ವನಿ ತರಿಸಿ ಹಾಕುವುದು.

ನಮ್ಮ ತಂಡದ ಯಜಮಾನರನ್ನು ನಾವು ಕ್ಯಾಪ್ಟನ್ ಅನ್ನುತ್ತೇವೆ. ಅವರು ಎದ್ದು ನಿಂತು, "ನೋಡ್ರಪ್ಪಾ, ಮದುವೆ ಆದ್ಮೇಲೆ ತಲೆ ಓಡಲ್ಲ ಅಂತಾರೆ, ಈಯಮ್ಮನ ತಲೆ ಡಬ್ಬಲ್ ಓಡ್ತಿದೆ" ಅಂದರು. ಚಪ್ಪಾಳೆ!

ಸೌಂಡಣ್ಣನ ಪೆನ್‌ಡ್ರೈವ್ ಮೇಜಿನ ಮೇಲೇ ಇತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡಾಗಿತ್ತಲ್ಲ, ಖಾಲಿ ಮಾಡಿ ಮದುವೆಯ ಫೋಟೋ ತುಂಬಿಸಿದೆ. ನಾನೂರಾ ಹನ್ನೆರಡು! ಆಫೀಸಿನ ಎಲ್ಲರಿಗೂ ತೋರಿಸಿದೆ. ನೋಡಿದವರಿಗಿಂತ ತೋರಿಸಿದ ನನಗೇ ಹೆಚ್ಚು ಖುಷಿ.

ಮಾರ್ಚ್ 7, ಶುಕ್ರವಾರ

ಮೂರು ದಿನ ಸರೋವರದ ಹತ್ತಿರ! ಕುಳ್ಳ ಯಾರಿಗೂ ಹೇಳದೆ ರೂಮ್ ಬುಕ್ ಮಾಡಿದ್ದ! ಮಂಗಳವಾರ ಬೆಳಿಗ್ಗೆ ನನ್ನ ಹಲ್ಲುಜ್ಜುವ ಬ್ರಶ್ಶನ್ನೂ ಅವನೇ ಚೀಲಕ್ಕೆ ಹಾಕಿ, "ಏಳು, ಕ್ಯಾಪ್ಟನ್‌ಗೆ ಹೇಳಿಯಾಗಿದೆ" ಅಂದ. ದೋಣಿಯಲ್ಲಿ ಕೂತು ಹುಟ್ಟು ಹಾಕಲು ಬಾರದೆ ಒಂದೇ ಕಡೆ ಗರಗರ ಸುತ್ತಿದೆವು. ದೋಣಿಯವನು ದಡದಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದ. ಕುಳ್ಳ ನಗುವಾಗ ಅವನ ಕಿವಿ ಕೆಂಪಾಗುತ್ತದೆ ಅನ್ನುವುದು ಈ ವಾರದ ಸಂಶೋಧನೆ.

ದೊಡ್ಡಮ್ಮ ನಿನ್ನೆ ಆಸ್ಪತ್ರೆಯಿಂದ ತಮ್ಮ ಮನೆಗೆ ಬಂದರಂತೆ. ಆಸ್ಪತ್ರೆಯವರು ಆ್ಯಪ್ ಹಾಕಿಕೊಟ್ಟಿದ್ದಾರಂತೆ. ನಾಳೆ ವಿಡಿಯೋ ಕಾಲ್!

ದೊಡ್ಡಮ್ಮ ಫೋನ್ ಮಾಡಿದರೆ ಮೊದಲೆಲ್ಲ ಮುಕ್ಕಾಲು ಗಂಟೆ. ನಾನು ಸ್ಪೀಕರ್ ಹಾಕಿಟ್ಟು ಕೆಲಸ ಮಾಡುತ್ತಾ ಹೂಂ ಹೂಂ ಅನ್ನುತ್ತಿದ್ದೆ. "ಹೂಂ ಅಂದ್ಯಲ್ಲ, ಏನ್ ಹೇಳ್ದೆ ಹೇಳು ನೋಡೋಣ" ಅಂತ ಒಮ್ಮೆ ಹಿಡಿದೇಬಿಟ್ಟಿದ್ದರು. ಪಾಪ.

ಮಾರ್ಚ್ 8, ಶನಿವಾರ

ಏನು ಬರೆಯಲಿ.

ದೊಡ್ಡಪ್ಪ ಫೋನ್ ಹಿಡಿದಿದ್ದರು. "ಗಲಾಟೆ ಮಾಡ್ಬೇಡ್ರಪ್ಪಾ, ಟೀಚರ್ ಕ್ಲಾಸ್ ಶುರು ಮಾಡ್ತಾರೆ" ಅಂದರು. ದೊಡ್ಡಮ್ಮನ ಕುತ್ತಿಗೆಗೆ ಬಿಳಿ ಬಟ್ಟೆಯಿತ್ತು. ಸೊರಗಿದ್ದಾರೆ. ಆದರೆ ಕಣ್ಣು ಮಾತ್ರ ಮೊದಲಿನದೇ. ಬೆರಳೆತ್ತಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿ ಮೊದಲ ಗುಂಡಿ ಒತ್ತಿದರು. "ನನಗೆ ನೀರು ಬೇಕು." ಅವರದೇ ದನಿ! ಕುಳ್ಳ ಕುರ್ಚಿಯಿಂದ ಎದ್ದೇಬಿಟ್ಟ. ಇನ್ನೊಂದು. "ಬಾಗಿಲು ಹಾಕಿ, ಗಾಳಿ ಬರುತ್ತೆ." ದೊಡ್ಡಪ್ಪ ನಿಜವಾಗಿಯೂ ಬಾಗಿಲು ಹಾಕಲು ಹೋದರು, ಎಲ್ಲರೂ ನಕ್ಕೆವು.

ಆಮೇಲೆ ಅವರು "ಮನೆಯವರು" ಅನ್ನುವ ಪುಟಕ್ಕೆ ಹೋದರು. ಮೊದಲ ಗುಂಡಿ. ನಮ್ಮ ಕಡೆ ತಿರುಗಿಸಿ, ಕುಳ್ಳನ ಮುಖವನ್ನೇ ನೋಡುತ್ತಾ ಒತ್ತಿದರು.

ಏನೂ ಇಲ್ಲ.

ಮತ್ತೆ ಒತ್ತಿದರು. ಕುಳ್ಳ ಕಿವಿಯನ್ನು ಪರದೆಗೆ ತಾಗಿಸಿ ಕೂತಿದ್ದ. ಮತ್ತೆ. ಅದರ ಕೆಳಗಿನದು, ಅದರ ಕೆಳಗಿನದು. ಕೊನೆಗೆ ಸ್ಲೇಟು ತೆಗೆದುಕೊಂಡು ಬರೆದು ತೋರಿಸಿದರು: "ನಾನೇ ಸರಿಯಾಗಿ ಒತ್ತುತ್ತಿಲ್ಲ. ಕಲಿಯುತ್ತೇನೆ."

ನಾನು ಆಗ "ನೆಟ್‌ವರ್ಕ್ ದೊಡ್ಡಮ್ಮಾ! ವಿಡಿಯೋ ಕಾಲಲ್ಲಿ ಕೆಲವು ಸೌಂಡ್ ಬರಲ್ಲ!" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಫೋನ್ ಇಟ್ಟ ಮೇಲೆ ಕುಳ್ಳ ಹೇಳಿದ, "ಆಪರೇಶನ್ ಹಿಂದಿನ ದಿನ ಸಾಯಂಕಾಲ ಕೂತ್ಕೊಂಡು ರೆಕಾರ್ಡ್ ಮಾಡಿದ್ರಂತೆ ಅದನ್ನ, ಅವರ ಫೋನಲ್ಲೇ. ಎಲ್ಲರನ್ನೂ ರೂಮಿಂದ ಆಚೆ ಕಳ್ಸಿ. ದೊಡ್ಡಪ್ಪಂಗೂ ಗೊತ್ತಿಲ್ಲ ಏನೇನಿದೆ ಅಂತ."

ಸರೋವರದ ಗುಂಗಿನಲ್ಲಿ ಮರೆತೇಬಿಟ್ಟಿದ್ದೆ. ಸೌಂಡಣ್ಣನಿಂದ ಸೋಮವಾರವೇ ತರಿಸಿದರೆ ಸರಿಹೋಗುತ್ತದೆ. ಸರಿಹೋಗುತ್ತದೆ.

ಮಾರ್ಚ್ 10, ಸೋಮವಾರ

ನಾನು ಬಾಯಿ ತೆರೆಯುವ ಮೊದಲೇ ಆಸ್ಪತ್ರೆಯಿಂದ ಕ್ಯಾಪ್ಟನ್‌ಗೆ ಫೋನ್ ಬಂದಿತ್ತು. ಕ್ಯಾಪ್ಟನ್ ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಖಾಲಿ ಫೈಲು ನೋಡಿ, ಸೌಂಡಣ್ಣನನ್ನು ಕರೆಸಿದರು. ಗಾಜಿನ ಕೋಣೆ, ಬಾಗಿಲು ತೆರೆದೇ ಇತ್ತು.

"ಏನ್ರೀ ಇದು, ಒಂದೊಂದು ಸೆಕೆಂಡ್ ಖಾಲಿ ಕೊಟ್ಟಿದೀರಾ?"

"ನಾನು ಕೊಟ್ಟಿದ್ದು ಮೂವತ್ತೆಂಟು ಮಾತು ಸಾರ್. ಟೀಚರಮ್ಮ ಕಳಿಸಿದ್ದನ್ನ ಒಂದೊಂದೂ ಕೇಳಿ, ಅದೇನ್ ಮಾತೋ ಅದನ್ನೇ ಹೆಸರು ಬರ್ದು ಕೊಟ್ಟಿದೀನಿ."

"ಹಾಗಾದ್ರೆ ನಿಮ್ಮ ಹತ್ರ ಇರೋದನ್ನ ಕೊಡಿ."

"ನನ್ನ ಹತ್ರ ಎಲ್ಲಿಂದ ಬರತ್ತೆ? ರೋಗಿಗಳ ದನಿ ಕೊಟ್ಟಾದ್ಮೇಲೆ ಅಳಿಸ್ಬಿಡ್ಬೇಕು ಅಂತ ರುಜು ಹಾಕಿಸ್ಕೊಂಡಿದೀರಲ್ಲ. ಟೀಚರಮ್ಮನ ಫೋನಲ್ಲಿದ್ದಿದ್ದನ್ನೂ ನಾನೇ ಅಳಿಸ್ದೆ."

"ಅಳಿಸಿದ್ದೂ ನೀವೇ, ಖಾಲಿ ಕೊಟ್ಟಿದ್ದೂ ನೀವೇ. ಚೆನ್ನಾಗಿದೆ."

ಸೌಂಡಣ್ಣನ ಕೈ ಮೇಜಿನ ಅಂಚನ್ನು ಹಿಡಿದಿತ್ತು. ನಾನು ಆರು ಹೆಜ್ಜೆ ದೂರದಲ್ಲಿದ್ದೆ. ಖಾಲಿ ಫೈಲು ಇಟ್ಟಿದ್ದು ನಾನು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಆದರೆ ಅವರು ಕೊಡದೆ ಇದ್ದಿದ್ದಕ್ಕೆ ತಾನೇ ನಾನು ಹಾಗೆ ಮಾಡಿದ್ದು? ಹಾಗಂತ ಅಂದುಕೊಂಡು ಕೀಬೋರ್ಡ್ ಒರೆಸುತ್ತಾ ಕೂತೆ. ಅದು ಮೊದಲೇ ಸ್ವಚ್ಛವಾಗಿತ್ತು.

ಮಾರ್ಚ್ 11, ಮಂಗಳವಾರ

ಅವರು ಕೊಟ್ಟಿದ್ದರು.

ಇವತ್ತು ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಆ ಫೋಲ್ಡರಿನಲ್ಲಿ ಮರೆಯಾಗಿರುವ ಫೈಲುಗಳನ್ನೂ ತೋರಿಸು ಅಂತ ಕೇಳಿ ನೋಡಿದೆ. ಒಂದೇ ಒಂದು ಇತ್ತು. ಅದಕ್ಕೆ ಹೆಸರೇ ಇಲ್ಲ. ಬರೀ ಒಂದು ಚುಕ್ಕೆ, ಅದರ ಮುಂದೆ ಎಂಪಿ3. ಚುಕ್ಕೆಯಿಂದ ಶುರುವಾಗುವ ಫೈಲನ್ನು ಕಂಪ್ಯೂಟರ್ ಮರೆಮಾಡುತ್ತದೆ, ಬಿಲ್ಡ್ ಕೂಡ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಒತ್ತಿದೆ.

"ಹುಷಾರಾಗಿ ಹೋಗ್ಬಾ, ಕುಳ್ಳಾ."

ದೊಡ್ಡಮ್ಮ. ಹಿಂದೆ ಎಲ್ಲೋ ಆಸ್ಪತ್ರೆಯ ತಳ್ಳುಗಾಡಿಯ ಚಕ್ರದ ಸದ್ದು.

ಆಗ ಅರ್ಥವಾಯಿತು. ಉಳಿದ ಮಾತುಗಳಿಗೆ ನಮ್ಮ ಪಟ್ಟಿಯ ಇಂಗ್ಲಿಷ್ ಹೆಸರಿತ್ತು, ಈ ಮೂವತ್ತೆಂಟರ ಹೆಸರುಗಳನ್ನು ಸೌಂಡಣ್ಣ ಕನ್ನಡದಲ್ಲಿ ಬರೆದಿದ್ದರು. ಬರೆಯಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಸ್ಕ್ರಿಪ್ಟ್ ಬೇಡದ ಅಕ್ಷರಗಳನ್ನು ತೆಗೆಯಿತು. ಅದರ ಪಾಲಿಗೆ, ಅಂದರೆ ನನ್ನ ಪಾಲಿಗೆ, ಕನ್ನಡದ ಅಷ್ಟೂ ಅಕ್ಷರ ಬೇಡದ್ದು. ಮೂವತ್ತೆಂಟು ಮಾತುಗಳ ಹೆಸರೂ ಪೂರ್ತಿ ಅಳಿಸಿಹೋಗಿ ಎಲ್ಲವೂ ಒಂದೇ ಆದವು. ಒಂದರ ಮೇಲೊಂದು ಕೂತು, ಹಿಂದಿನದನ್ನು ಮುಂದಿನದು ನುಂಗುತ್ತಾ ಹೋಯಿತು. ಉಳಿದದ್ದು ಸಾಲಿನ ಕೊನೆಯದು. ಅಕ್ಷರಮಾಲೆಯ ಕೊನೆಯಲ್ಲಿ ಹ ಇರುತ್ತದಲ್ಲ (ಳದಿಂದ ಯಾವ ಮಾತೂ ಶುರುವಾಗುವುದಿಲ್ಲ), ಅದಕ್ಕೇ "ಹುಷಾರಾಗಿ" ಉಳಿಯಿತು.

ಪೆನ್‌ಡ್ರೈವಿನಲ್ಲಿ ಅಸಲಿ ಇದ್ದವು. ನಾನೇ ಅಳಿಸಿ ನನ್ನ ಮದುವೆಯನ್ನು ತುಂಬಿಸಿದೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ "ಟೀಚರಮ್ಮ" ಅಂತಿದೆ, ಪಕ್ಕದಲ್ಲಿ ಏನೋ ಗೀಚಿದ ಹಾಗಿತ್ತು. ಇವತ್ತು ನೋಡಿದರೆ ಅದು ೩೮. ಕನ್ನಡ ಅಂಕಿ ನನಗೆ ಓದಲು ಬರುವುದಿಲ್ಲ. ಕ್ಯಾಲೆಂಡರ್ ಇಟ್ಟುಕೊಂಡು ಹೋಲಿಸಿ ನೋಡಿದೆ.

ಮುಖ ತೊಳೆದು ಬಂದು ಕೂತೆ. ಪಕ್ಕದವಳು, "ಏನೇ ಹೊಸ ಹೆಂಡ್ತಿ, ಮುಖ ಕೆಂಪಾಗಿದೆ? ಫೋನ್ ಬಂತಾ?" ಅಂದಳು. ಹೌದು ಅಂದೆ.

ಮಾರ್ಚ್ 12, ಬುಧವಾರ

ಹೇಳಲಿಲ್ಲ.

ಮಾರ್ಚ್ 13, ಗುರುವಾರ

ಇದನ್ನು ಬರೆಯದೆ ಬಿಡಬಹುದಾಗಿತ್ತು. ಯಾರೂ ನೋಡುವುದಿಲ್ಲ ಅಂತ ದೊಡ್ಡಮ್ಮನೇ ಬರೆದಿದ್ದಾರೆ. ಅದಕ್ಕೇ ಬರೆಯುತ್ತೇನೆ.

ಮುಂದಿನ ತಿಂಗಳಿಂದ ರೆಕಾರ್ಡಿಂಗ್‌ಗೆ ಬೇರೆಯವರು ಅಂತ ಕ್ಯಾಪ್ಟನ್ ಬೆಳಿಗ್ಗೆ ಹೇಳಿದರು. ಮಧ್ಯಾಹ್ನ ಸೌಂಡಣ್ಣ ತಮ್ಮ ಮೈಕು, ಸ್ಟ್ಯಾಂಡು ತೆಗೆದುಕೊಂಡು ಹೋಗಲು ಬಂದರು. ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ನನ್ನ ಮೇಜಿನ ಹತ್ತಿರ ನಿಂತರು. ಅವರು ನಕ್ಕರು.

"ಮದುವೆಗೆ ಬರೋಕಾಗ್ಲಿಲ್ಲ ಕಣಮ್ಮ. ಫೋಟೋ ಎಲ್ಲರಿಗೂ ತೋರ್ಸಿದೀಯಂತೆ, ನನಗೆ ತೋರ್ಸಲ್ವಾ?"

"ಇನ್ನೊಂದಿನ ತೋರಿಸ್ತೀನಣ್ಣ…"

"ಇನ್ನೊಂದಿನ ನಾನೆಲ್ಲಿರ್ತೀನಿ ಇಲ್ಲಿ? ಹಾಕು ಹಾಕು."

ಪೆನ್‌ಡ್ರೈವ್ ನನ್ನ ಲೋಟದ ಪಕ್ಕದಲ್ಲೇ ಇತ್ತು. ನಾನು ಚೀಟಿಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡೇ ಅದನ್ನು ಸಿಕ್ಕಿಸಿದೆ. ಸಿಕ್ಕಿಸಿದ ಮೇಲೆ ಕೈ ತೆಗೆಯಲೇಬೇಕಲ್ಲ. ತೆಗೆದೆ.

ಅವರು ನಾಲ್ಕು ಫೋಟೋ ನೋಡಿದರು. ಐದನೆಯದಕ್ಕೆ ಅವರ ಕಣ್ಣು ಕೆಳಗಿಳಿಯಿತು. ತಮ್ಮ ಕೈಬರಹವನ್ನು ತಾವು ಗುರುತಿಸದೆ ಇರುತ್ತಾರಾ? ಆ ಚೀಟಿ ನೋಡಿದರು. ಪರದೆಯ ಮೇಲೆ ಹಲ್ಲು ಕಿರಿದು ನಿಂತಿದ್ದ ನನ್ನ ಫೋಟೋ ನೋಡಿದರು. ಮತ್ತೆ ಚೀಟಿ ನೋಡಿದರು. ವೈರು ಸುತ್ತುವುದು ನಿಂತಿತು.

ಕ್ಯಾಪ್ಟನ್ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದರು. ಒಂದು ಮಾತು ಸಾಕಿತ್ತು.

"ಫೋಟೋ ಚೆನ್ನಾಗಿ ಬಂದಿವೆ," ಅಂದರು ಸೌಂಡಣ್ಣ. "ಹುಡುಗ ಒಳ್ಳೇವ್ನ ಹಾಗೆ ಕಾಣ್ತಾನೆ." ಸ್ಟ್ಯಾಂಡನ್ನು ಹೆಗಲಿಗೆ ಹಾಕಿಕೊಂಡು ಹೋದರು.

ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮಾರ್ಚ್ 14, ಶುಕ್ರವಾರ

ಕುಳ್ಳ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾನೆ. ಇವತ್ತು ಊಟದ ಹೊತ್ತಿಗೆ ಅಲ್ಲಿಗೇ ಹೋದೆ. ಅವನು ಬೆಳಗಿಸಿದ ಅಕ್ಷರದ ಫಲಕದ ಮುಂದೆ ಒಬ್ಬನೇ ಕೂತು ಬ್ರೆಡ್ ತಿನ್ನುತ್ತಿದ್ದ.

"ಓಹೋ, ರಾಣಿಯವರು! ಕಣ್ಣು ಕಾಣಿಸ್ತಿಲ್ವಾ, ನಾನು ಕಾಣಿಸ್ಲಿಲ್ಲ ಅಂತ ಬಂದ್ಯಾ?"

"ಕಣ್ಣು ಟೆಸ್ಟ್ ಮಾಡು," ಅಂದೆ.

ಆ ಕುರ್ಚಿಯಲ್ಲಿ ಕೂತು, ಗಲ್ಲವನ್ನು ಆನಿಸಿ, ಆ ದೊಡ್ಡ ಲೋಹದ ಮುಖವಾಡದ ಹಿಂದೆ ಮುಖ ಇಟ್ಟೆ. ಅಲ್ಲಿಂದ ಅವನ ಮುಖ ಕಾಣುವುದಿಲ್ಲ. ಅವನಿಗೂ ನನ್ನದು ಕಾಣುವುದಿಲ್ಲ. ಅವನು ಮಸೂರ ಬದಲಾಯಿಸುತ್ತಾ, "ಇದು ಸ್ಪಷ್ಟವಾ? ಇದಾ?" ಅಂತ ಕೇಳಿದ.

ನಾನು ಹೇಳಿದೆ. ಮೊದಲಿಂದ ಕೊನೆಯವರೆಗೆ. ಸ್ಕ್ರಿಪ್ಟ್, ಖಾಲಿ ಸೆಕೆಂಡು, ಫೋಟೋ, ನೆಟ್‌ವರ್ಕ್ ಅಂದ ಸುಳ್ಳು, ಸೌಂಡಣ್ಣ, ಚೀಟಿ. ಮಸೂರದ ಟಕ್ ಟಕ್ ಸದ್ದು ನಡುವೆ ಎಲ್ಲೋ ನಿಂತಿತು.

"ಎಲ್ಲಾ ಹೋಯ್ತಾ?"

"ಒಂದು ಉಳ್ಕೊಂಡಿದೆ."

ಮುಖವಾಡದ ಹಿಂದಿನಿಂದಲೇ ಫೋನ್ ಚಾಚಿದೆ. ಅವನು ಕಿವಿಗೆ ಒತ್ತಿಕೊಂಡು ಕೇಳಿದ. ಒಮ್ಮೆ. ಇನ್ನೊಮ್ಮೆ. ನಾನು ಮುಖ ಹೊರಗೆ ತೆಗೆದಾಗ ಅವನು ಗೋಡೆಯ ಕಡೆ ತಿರುಗಿ ಮಸೂರಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದ. ಕಿವಿ ಕೆಂಪಾಗಿತ್ತು, ಆದರೆ ನಗುತ್ತಿರಲಿಲ್ಲ.

"ಕ್ಷಮಿಸು ಅಂತ ಕೇಳ್ಬೇಡ ಈಗ," ಅಂದ. "ನನಗೆ ಆಗ್ತಿಲ್ಲ. ಮೊದ್ಲು ಆ ಮನುಷ್ಯನ ಕೆಲಸ ಹೋಗದೆ ಇರೋ ಹಾಗೆ ಮಾಡು. ಆಮೇಲೆ ದೊಡ್ಡಮ್ಮಂಗೆ ನೀನೇ ಹೇಳು. ನನ್ನ ಕೈಲಿ ಹೇಳಿಸ್ಬೇಡ."

ಸಂಜೆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಂಡೆವು. ಉಪ್ಪು ಕೊಡ್ತೀಯಾ, ತಗೋ, ಥ್ಯಾಂಕ್ಸ್. ಬಾಡಿಗೆಗೆ ಒಂದೇ ಕೋಣೆ ಹಂಚಿಕೊಂಡ ಅಪರಿಚಿತರ ಹಾಗೆ.

ಮಾರ್ಚ್ 15, ಶನಿವಾರ

ಗಾಜಿನ ಕೋಣೆಯಲ್ಲಿ ಹೇಳಬಹುದಿತ್ತು. ಚಪ್ಪಾಳೆ ಎಲ್ಲಿ ಬಿದ್ದಿತ್ತೋ ಅಲ್ಲೇ ಹೇಳಿದೆ, ಎಲ್ಲರೂ ಕೂತಿದ್ದಾಗ. ಕ್ಯಾಪ್ಟನ್ ಪೂರ್ತಿ ಕೇಳಿದರು. "ಐದು ದಿನ ಸುಮ್ನಿದ್ಯಲ್ಲಮ್ಮ," ಅಂದರು. "ಫೈಲ್ ಕಳೆಯೋದು ಯಾರ ಕೈಲಾದ್ರೂ ಆಗತ್ತೆ. ಐದು ದಿನ?" ಬಿಲ್ಡ್ ಕೆಲಸ ಇನ್ನು ಬೇರೆಯವರಿಗೆ. ಅವರು ನನ್ನೆದುರೇ ಸೌಂಡಣ್ಣನಿಗೆ ಫೋನ್ ಮಾಡಿ, "ತಪ್ಪು ನಮ್ಮದು, ಬನ್ನಿ" ಅಂದರು. ಯಾರೂ ನನ್ನ ಕಡೆ ನೋಡಲಿಲ್ಲ. ಹೊಸ ಹೆಂಡ್ತಿ ಅಂತ ಕಿಚಾಯಿಸುವವಳೂ ನೋಡಲಿಲ್ಲ.

ಆಮೇಲೆ ಪೆನ್‌ಡ್ರೈವ್ ಹಿಡಿದುಕೊಂಡು ಸೌಂಡಣ್ಣನ ಕೋಣೆಗೆ ಹೋದೆ. ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ. ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ಬಿಚ್ಚಿ ಬಡಿದಿದ್ದಾರೆ, ಸದ್ದು ಹೊರಗಿನಿಂದ ಬಾರದಿರಲಿ ಅಂತ.

"ನಿನ್ನೆ ಮೊನ್ನೆ ಯಾಕಣ್ಣ ಹೇಳ್ಲಿಲ್ಲ ನೀವು?"

"ಹೇಳೋದು ನನ್ನ ಕೆಲ್ಸ ಆಗಿದ್ರೆ ಹೇಳ್ತಿದ್ದೆ." ಪೆನ್‌ಡ್ರೈವ್ ಈಸಿಕೊಂಡರು. "ಫೋಟೋ ಹಾಕಿದ್ಮೇಲೆ ಇನ್ನೇನೂ ಹಾಕಿಲ್ಲ ತಾನೇ? ಒಳ್ಳೇದಾಯ್ತು. ಅಳಿಸಿದ್ದು ಅಂದ್ರೆ ಹೋಯ್ತು ಅಂತಲ್ಲ. ಮೇಲೆ ಇನ್ನೊಂದು ಬಂದು ಕೂತಿದ್ರೆ ಮಾತ್ರ ಹೋಯ್ತು."

ಅವರ ಕಂಪ್ಯೂಟರ್ ಎರಡೂವರೆ ಗಂಟೆ ಕೆದಕಿತು. ನನ್ನ ನಾನೂರಾ ಹನ್ನೆರಡು ಫೋಟೋಗಳು ಎಲ್ಲಿ ಕಾಲೂರಿರಲಿಲ್ಲವೋ ಅಲ್ಲಿಂದ ಹದಿನಾಲ್ಕು ಮಾತು ಸಿಕ್ಕವು. ನನ್ನಲ್ಲಿದ್ದ ಒಂದು ಸೇರಿ ಹದಿನೈದು. ಉಳಿದ ಇಪ್ಪತ್ಮೂರರ ಮೇಲೆ ನಾನು ನಗುತ್ತಾ ಕೂತಿದ್ದೇನೆ.

"ಮನೆಯವರು" ಪುಟದ ಮೊದಲ ಗುಂಡಿ ಬರೀ "ಕುಳ್ಳಾ" ಅನ್ನುವ ಕರೆ. ಅದು ಸಿಗಲಿಲ್ಲ. "ಆ ಒಂದರಲ್ಲಿ ಕುಳ್ಳಾ ಇದೆಯಲ್ಲಣ್ಣ, ಅಷ್ಟನ್ನೇ ಕತ್ತರಿಸಿ ತೆಗೀಬಹುದಾ?" ಅಂದೆ.

ಅವರು ಹೆಡ್‌ಫೋನಿನಲ್ಲಿ ಕೇಳಿ ತಲೆಯಾಡಿಸಿದರು. "ಕತ್ತರಿಸ್ಬಹುದು. ಆದ್ರೆ ಅದು ಕಳಿಸಿಕೊಡೋ ಕುಳ್ಳ. ಕರೆಯೋ ಕುಳ್ಳ ಬೇರೆ. ಬಾಗಿಲಲ್ಲಿ ನಿಂತು ಹೇಳೋದನ್ನ ಅಡುಗೆಮನೆಯಿಂದ ಕೂಗಿದ ಹಾಗೆ ಮಾಡೋಕಾಗಲ್ಲಮ್ಮ." ಆಮೇಲೆ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದರು. "ಇವಕ್ಕೆಲ್ಲ ಹೆಸರು ಹೋಗಿವೆ. ಕೂತು ಕೇಳು. ಕೇಳಿ ನೀನೇ ಹೆಸರಿಡು. ನಿಮ್ಮ ಬಿಲ್ಡ್‌ಗೆ ಕಣ್ಣಿದೆ, ಕಿವಿಯಿಲ್ಲ. ಹೆಸರಿದ್ರೆ ಸಾಕು ಅದಕ್ಕೆ."

ಮಾರ್ಚ್ 16, ಭಾನುವಾರ

ಹದಿನೈದನ್ನೂ ಕೇಳಿದೆ. ಒಂದೊಂದನ್ನು ನಾಲ್ಕೈದು ಸಲ.

"ಕುಳ್ಳಾ, ಬನಿಯನ್ ತಿರುಗಾ ಮುರುಗಾ ಹಾಕ್ಕೊಂಡಿದೀಯ." "ರೀ, ನಿಮ್ಮ ಗೊರಕೆಗೆ ಪಕ್ಕದ ಮನೆಯೋರು ಎದ್ರು." (ಇದರ ಕೊನೆಯಲ್ಲಿ ಅವರು ತಮ್ಮ ಮಾತಿಗೆ ತಾವೇ ನಕ್ಕಿದ್ದಾರೆ.) "ನನಗೆ ಸಿಟ್ಟು ಬಂದಿದೆ, ಮಾತಾಡಿಸ್ಬೇಡಿ." ಮಾತು ನಿಲ್ಲುವ ಹಿಂದಿನ ಸಂಜೆ ಒಬ್ಬರೇ ಕೂತು, ಮುಂದೆ ತಮಗೆ ಏನೇನು ಬೇಕಾಗಬಹುದು ಅಂತ ಯೋಚಿಸಿ, ಇದನ್ನೂ ಇಟ್ಟುಕೊಂಡಿದ್ದಾರೆ. ಪ್ರತಿ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ನೋವಿತ್ತು ಅನ್ನುವುದು ಕೇಳಿಸುತ್ತದೆ.

ಹನ್ನೊಂದನೆಯದು: "ಏ ಹುಡುಗಿ, ಪೂರ್ತಿ ಕೇಳಿಸ್ಕೋ. ಆಮೇಲೆ ಹೂಂ ಅನ್ನು."

ನನಗೇ. ಬೇರೆ ಯಾರಿಗೆ ಇರುತ್ತದೆ? ಅಷ್ಟು ನೋವಿನಲ್ಲಿ ನನಗೂ ಒಂದು ಗುಂಡಿ.

ಮಧ್ಯಾಹ್ನ ದೊಡ್ಡಮ್ಮನಿಗೆ ಮೆಸೇಜ್ ಬರೆದೆ. ಇಂಗ್ಲಿಷಿನಲ್ಲಿ ಬರೆದರೆ ಬೇಗ ಆಗುತ್ತಿತ್ತು, ತಪ್ಪೂ ಚಿಕ್ಕದಾಗಿ ಕಾಣುತ್ತಿತ್ತು. ಕನ್ನಡದಲ್ಲೇ ಬರೆದೆ, ಮೂರು ಗಂಟೆ ಹಿಡಿಯಿತು. ಗುಂಡಿ ಒತ್ತಿದ್ದು ಸರಿಯಾಗಿಯೇ ಇತ್ತು, ತಪ್ಪು ನಿಮ್ಮ ಬೆರಳಿನದಲ್ಲ ಅಂತ ಮೊದಲ ಸಾಲಿನಲ್ಲೇ ಬರೆದೆ. ಕುಳ್ಳ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ. ತೋರಿಸಲಾ ಅಂದರೆ, "ಬೇಡ, ಕಳಿಸು" ಅಂದ. ಹದಿನೈದು ಮಾತುಗಳನ್ನೂ ಜೊತೆಗೆ ಕಳಿಸಿದೆ.

ಅವರು ನೋಡಿದ್ದಾರೆ ಅಂತ ತೋರಿಸುತ್ತಿದೆ. ಉತ್ತರ ಇಲ್ಲ.

ಮಾರ್ಚ್ 17, ಸೋಮವಾರ

ಉತ್ತರ ಇಲ್ಲ. ಆಫೀಸಿನಲ್ಲಿ ನನಗೆ ಈಗ ಪರೀಕ್ಷೆ ಮಾಡುವ ಕೆಲಸ. ಉಳಿದ ಐವರು ರೋಗಿಗಳ ಆ್ಯಪ್‌ಗಳ ಎಲ್ಲ ಗುಂಡಿಗಳನ್ನೂ ಒತ್ತಿ ಕೇಳಬೇಕು. ಒಬ್ಬ ಬಸ್ ಕಂಡಕ್ಟರ್ "ರೈಟ್, ರೈಟ್" ಅಂತ ರೆಕಾರ್ಡ್ ಮಾಡಿದ್ದಾರೆ. ಅದನ್ನು ಮನೆಯಲ್ಲಿ ಯಾವಾಗ ಒತ್ತುತ್ತಾರೋ. ಒಂದು ಕಡೆ ಒಬ್ಬ ಅಜ್ಜಿಯ ಮಾತು ಕೊನೆಯ ಅಕ್ಷರಕ್ಕೆ ಮೊದಲೇ ತುಂಡಾಗಿತ್ತು, ಸೌಂಡಣ್ಣನಿಗೆ ಹೇಳಿ ಸರಿಮಾಡಿಸಿದೆ. ಸಂಜೆ ಕಿವಿ ನೋಯುತ್ತಿತ್ತು.

ಕುಳ್ಳ ಇವತ್ತು ಉಪ್ಪು ಕೇಳದೆ ನನ್ನ ತಟ್ಟೆಯ ಮೇಲಿಂದ ಕೈಚಾಚಿ ತೆಗೆದುಕೊಂಡ. ಥ್ಯಾಂಕ್ಸ್ ಅನ್ನಲಿಲ್ಲ. ಎಷ್ಟು ಸಮಾಧಾನವಾಯಿತು.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಉತ್ತರ ಬಂತು. ಹಾಗೇ ಇಳಿಸಿಕೊಳ್ಳುತ್ತೇನೆ.

"ಮಗೂ, ನಿನ್ನ ಪತ್ರ ಮೂರು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು. ಸಿಟ್ಟು ಬಂದಿದೆ ಅನ್ನೋ ಗುಂಡಿ ನೀನೇ ಕಳಿಸಿದ್ದೆ, ಒತ್ತಿದೆ. ನಿನ್ನ ದೊಡ್ಡಪ್ಪ ಹೆದರಿ ಹೊರಗೆ ಹೋಗಿ ಕೂತ್ರು. ಎರಡನೇ ಸಲ ಅಳು ಬಂತು. ಮೂರನೇ ಸಲ ಕಾಗುಣಿತದ ತಪ್ಪು ಎಣಿಸಿದೆ, ಹತ್ತೊಂಬತ್ತು. ಪರವಾಗಿಲ್ಲ ಅಂತ ಬರೀಲಾರೆ. ಆ ಮಾತುಗಳು ನನಗೆ ಬೇಕಿದ್ದವು. ಹೋದ ಇಪ್ಪತ್ಮೂರೂ ಯಾವುವು ಅಂತ ನನಗೆ ಬಾಯಿಪಾಠ ಇದೆ, ಪಟ್ಟಿ ಮಾಡಿದ್ದೀನಿ. ಅವನ್ನ ನೀನು ಹೇಳ್ಬೇಕು. ನನ್ನ ಹಾಗೆ ನಟಿಸ್ಬೇಡ, ನಿನ್ನದೇ ದನಿಯಲ್ಲಿ. ಎಲ್ಲಿ ಎಳೀಬೇಕು, ಎಲ್ಲಿ ಗದರ್ಬೇಕು ಅಂತ ಸ್ಲೇಟು ಹಿಡಿದು ನಾನು ಪಕ್ಕದಲ್ಲಿ ಕೂತಿರ್ತೀನಿ. ಸರಿಯಾಗೋ ತನಕ ಏಳೋ ಹಾಗಿಲ್ಲ. ಮೊದಲನೇದು ಕುಳ್ಳನ್ನ ಕರೆಯೋದು, ಇವತ್ತಿಂದಲೇ ಅಭ್ಯಾಸ ಮಾಡು. ರೆಕಾರ್ಡ್ ಮಾಡೋ ಅಣ್ಣನಿಗೂ ಹೇಳಿಡು. ಡಾಕ್ಟರು ಪ್ರಯಾಣ ಮಾಡಬಹುದು ಅಂದಿದ್ದಾರೆ. ಒಬ್ಬಳೇ ಬರ್ತಿದ್ದೀನಿ."

ಪೂರ್ತಿ ಓದಿದೆ. ಆಮೇಲೆ "ಹೂಂ" ಅಂತ ಬರೆದು ಕಳಿಸಿದೆ.

ಸೌಂಡಣ್ಣನಿಗೆ ಹೇಳಿದೆ. ಹಾಸಿಗೆ ಬಡಿದ ಆ ಕೋಣೆಗೆ ಇನ್ನೊಂದು ಕುರ್ಚಿ ತರಿಸುತ್ತಾರಂತೆ, ಕೈಯಿರುವ ಕುರ್ಚಿ. ಕುಳ್ಳನಿಗೆ ಸ್ಟೇಷನ್ನಿಗೆ ಬರುತ್ತೀಯಾ ಅಂತ ಕೇಳಿದೆ. "ನಾನು ಮನೇಲಿರ್ತೀನಿ. ಮೊದ್ಲು ನೀವಿಬ್ರೇ ಸಿಗಿ," ಅಂದ. ಆಮೇಲೆ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತ. "ಎಲ್ಲಿ, ಅಡುಗೆಮನೆಯಿಂದ ಒಂದು ಸಲ ಕೂಗು ನೋಡೋಣ." ಕೂಗಿದೆ. "ಊಹೂಂ," ಅಂದ, "ಬಿಲ್ ಕಟ್ಟೋಕೆ ಕರೆದ ಹಾಗಿದೆ." ಮತ್ತೆ ಕೂಗಿದೆ.

ದೊಡ್ಡಮ್ಮ ನನಗೆ ಹೇಳುವುದನ್ನು ಸ್ಟೇಷನ್ನಿಂದ ಮನೆಯ ದಾರಿಯಲ್ಲೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ, ಬಸ್ಸಿನಲ್ಲಿ ಕೂತವರೆಲ್ಲ ಓದುತ್ತಾರೆ. ಓದಲಿ.

ಗುರುವಾರ, ಬೆಳಿಗ್ಗೆ ಎಂಟು ಹತ್ತರ ಪ್ಯಾಸೆಂಜರ್ ರೈಲು.